ಮಕ್ಕಳ ಕೈಯಲ್ಲಿ ಮೊಬೈಲ್ ಇಲ್ಲದ ತರಗತಿಗೆ ಯಾವ ಆನ್‌ಲೈನ್ ಸಾಧನ ಆಗಿಬರುತ್ತೆ?

ವಿಜ್ಞಾನ ಮಿಸ್ (ತುಮಕೂರು ಕಡೆ)

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡ್ತೀನಿ, ಇದು ಹನ್ನೊಂದನೇ ವರ್ಷ. ಹತ್ತನೇ ತರಗತಿಯಲ್ಲಿ 36 ಮಕ್ಕಳಿದ್ದಾರೆ. ಒಂದು ಪ್ರೊಜೆಕ್ಟರ್, ಒಂದು ಲ್ಯಾಪ್‌ಟಾಪ್, ನನ್ನ ಸ್ವಂತ ಮೊಬೈಲು, ಅದರ ಡೇಟಾ. ಇಷ್ಟೇ ನಮ್ಮ ಬಂಡವಾಳ. ಮಕ್ಕಳು ಶಾಲೆಗೆ ಮೊಬೈಲ್ ತರುವ ಹಾಗಿಲ್ಲ. ತರಬಾರದು ಅನ್ನೋದು ನನ್ನ ಅಭಿಪ್ರಾಯವೂ ಹೌದು.

ಹೋದ ವರ್ಷದಿಂದ ಒಂದೊಂದಾಗಿ ಪ್ರಯತ್ನ ಮಾಡ್ತಾ ಬಂದಿದ್ದೀನಿ. ಮೊದಲು ವಿಡಿಯೊ ಹಾಕಿದೆ. ಮಕ್ಕಳು ಸದ್ದಿಲ್ಲದೆ ಕೂತು ನೋಡಿದರು, ನನಗೂ ಖುಷಿಯಾಯ್ತು. ಮಾರನೇ ದಿನ ಅದೇ ಪಾಠದಿಂದ ಎರಡು ಪ್ರಶ್ನೆ ಕೇಳಿದರೆ ಯಾರಿಗೂ ಗೊತ್ತಿಲ್ಲ. ಆಮೇಲೆ ಕಂಪ್ಯೂಟರ್ ಲ್ಯಾಬಿನಲ್ಲಿ ಒಂದು ಜನಪ್ರಿಯ ಕ್ವಿಜ್ ಆಟ ಆಡಿಸಿದೆ. ಹನ್ನೆರಡು ಕಂಪ್ಯೂಟರು, ಒಂದೊಂದಕ್ಕೆ ಮೂರು ಮೂರು ಮಕ್ಕಳು. ಬೇಗ ಒತ್ತಿದವರಿಗೆ ಹೆಚ್ಚು ಅಂಕ. ಮೌಸ್ ಯಾರ ಕೈಯಲ್ಲಿತ್ತೋ ಅವರೇ ಆಡಿದರು. ಪ್ರಶ್ನೆಯನ್ನ ಅಕ್ಷರ ಕೂಡಿಸಿಕೊಂಡು ಓದೋ ಮಕ್ಕಳು ಓದಿ ಮುಗಿಸೋಷ್ಟರಲ್ಲಿ ಸಮಯವೇ ಮುಗಿದಿರ್ತಿತ್ತು. ಇಡೀ ಲ್ಯಾಬಲ್ಲಿ ಕೇಕೆಯೋ ಕೇಕೆ, ಆದರೆ ಹಿಂದೆ ನಿಂತ ಇಬ್ಬರು ಹುಡುಗಿಯರು ಕೊನೆತನಕ ಪರದೆಯನ್ನೇ ನೋಡಲಿಲ್ಲ. ಅದನ್ನ ನೋಡಿ ನನಗೆ ಮನೆಗೆ ಹೋದ ಮೇಲೂ ಸಂಕಟ ಹೋಗಲಿಲ್ಲ.

ನನ್ನ ಕಷ್ಟ ಇಷ್ಟೇ. ಪಾಠ ಮುಗಿಸಿ "ಅರ್ಥ ಆಯ್ತಾ?" ಅಂತ ಕೇಳಿದರೆ "ಆಯ್ತು ಮಿಸ್" ಅಂತ ಇಡೀ ತರಗತಿ ಹೇಳುತ್ತೆ. ಕಿವಿಗೊಟ್ಟು ಕೇಳಿದರೆ ಅದು ಐದೇ ಐದು ಮಕ್ಕಳ ದನಿ. ಉಳಿದ 31 ಮಕ್ಕಳ ತಲೆಯಲ್ಲಿ ಏನು ಓಡ್ತಿದೆ ಅಂತ ಪಾಠ ನಡೀತಿರುವಾಗಲೇ ನನಗೆ ತಿಳೀಬೇಕು, ಕಿರುಪರೀಕ್ಷೆಯ ಪೇಪರ್ ತಿದ್ದುವಾಗ ಅಲ್ಲ. ಒಂದೇ ಮೊಬೈಲಲ್ಲಿ ಇದು ಸಾಧ್ಯವಾ? ಮಾಡಿ ನೋಡಿದವರು ಇದ್ದರೆ ದಯವಿಟ್ಟು ಹೇಳಿ.

ನಲಿಕಲಿ ಅಕ್ಕ (ಹಾಸನ)

ಮೇಡಂ, ನಾನು ಚಿಕ್ಕ ಮಕ್ಕಳ ಟೀಚರ್, ನಿಮ್ಮ ಪ್ರಶ್ನೆಗೆ ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ. ದೀಕ್ಷಾ ಅಂತ ಸರ್ಕಾರದ ಕಲಿಕಾ ಆಪ್ ಇದೆಯಲ್ಲ, ಅದರ ಬಗ್ಗೆ ಮಾತ್ರ ಒಂದು ಮಾತು. ಪಠ್ಯಪುಸ್ತಕದ ಕ್ಯೂಆರ್ ಕೋಡು ಹಳೇ ಪುಸ್ತಕದಲ್ಲಿ ಮಾಸಿಹೋಗಿ ಸ್ಕ್ಯಾನ್ ಆಗದಿದ್ದರೆ ಬಹಳ ಜನ ಅಲ್ಲಿಗೇ ಬಿಟ್ಟುಬಿಡ್ತಾರೆ. ಕೋಡಿನ ಕೆಳಗೆ ಆರು ಅಕ್ಷರ-ಅಂಕಿ ಇರುತ್ತಲ್ಲ, ಅದನ್ನ ಟೈಪ್ ಮಾಡಿದರೂ ಅದೇ ಪಾಠ ತೆರೆಯುತ್ತೆ. ಮನೆಯಲ್ಲಿ ನೆಟ್ ಇರುವಾಗಲೇ ಆಪ್‌ನಲ್ಲಿ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. 2017ರ ಶಿಕ್ಷಕರ ದಿನ ಅದು ಶುರುವಾದಾಗ ನಾನೂ ಉದಾಸೀನ ಮಾಡಿದ್ದೆ. ಈಗ ಪದ್ಯ, ಅಭಿನಯ ಗೀತೆ ಎಲ್ಲಕ್ಕೂ ಅದೇ ಬೇಕು.

ಗದಗ ಗಣಿತ

ಅಕ್ಕೋರ, ನಮ್ಮ ಸಾಲ್ಯಾಗೂ ಇದ ಪರಿಸ್ಥಿತಿ ಇತ್ರಿ. ಪ್ಲಿಕರ್ಸ್ ಅಂತ ಒಂದು ಐತಿ, ನೋಡ್ರಿ. ಹುಡುಗ್ರ ಕೈಯಾಗ ಮೊಬೈಲ್ ಬ್ಯಾಡ, ಕಂಪ್ಯೂಟರ್ ಬ್ಯಾಡ. ಒಬ್ಬೊಬ್ರಿಗೆ ಒಂದೊಂದು ಕಾಗದದ ಕಾರ್ಡ್ ಕೊಡೂದು. ಕಾರ್ಡಿನ ಮ್ಯಾಲ ಕರೇ ಚೌಕದ್ದೊಂದು ಚಿತ್ರ ಇರತೈತಿ, ಒಬ್ಬರದ್ದು ಇದ್ದಂಗ ಇನ್ನೊಬ್ಬರದ್ದು ಇರೂದಿಲ್ಲ. ಅದರ ನಾಕೂ ಬದಿಗೆ ಸಣ್ಣ ಅಕ್ಷರದಾಗ ಎ, ಬಿ, ಸಿ, ಡಿ ಅಂತ ಬರದಿರತಾರ. ಉತ್ತರ ಬಿ ಅನಿಸಿದ್ರ ಬಿ ಇದ್ದ ಬದಿ ಮ್ಯಾಲ ಮಾಡಿ ಎದಿ ಮುಂದ ಹಿಡೀಬೇಕು. ನೀವು ಮುಂದ ನಿಂತು ಮೊಬೈಲ್ ಕ್ಯಾಮೆರಾ ಎಡದಿಂದ ಬಲಕ್ಕ ಒಂದ್ ಸಲ ಆಡಿಸಿದ್ರ ಮುಗೀತು. ಯಾರು ಏನು ಹೇಳ್ಯಾರ ಅಂತ ನಿಮ್ಮ ಮೊಬೈಲಿನ್ಯಾಗ ಬಂದ್ಬಿಡತೈತಿ.

ಇದರಾಗ ನನಗ ಬಾಳ ಹಿಡಿಸಿದ್ದು ಏನಂದ್ರ, ಅಕ್ಷರ ಅಷ್ಟು ಸಣ್ಣದಿರೂದ್ರಿಂದ ಬಾಜೂಕ ಕುಂತಾಂವಗ ಕಾಣೂದಿಲ್ಲ. ಶ್ಯಾಣ್ಯಾ ಹುಡುಗನ್ನ ನೋಡಿ ಕೈ ಎತ್ತೂದು ನಿಂತುಬಿಡತೈತಿ. ತಪ್ಪು ಹೇಳಿದ್ರ ಯಾರೂ ನಗೂದಿಲ್ಲ, ಯಾಕಂದ್ರ ಯಾರು ತಪ್ಪು ಅಂತ ನಿಮಗಷ್ಟ ಗೊತ್ತು.

40 ಕಾರ್ಡಿನ ಸೆಟ್ಟು ಪುಕ್ಕಟೆ ಸಿಗತೈತಿ, ದಪ್ಪ ಹಾಳಿ ಮ್ಯಾಲ ಪ್ರಿಂಟ್ ಹಾಕಿಸ್ರಿ. ಲ್ಯಾಮಿನೇಷನ್ ಮಾಡಸಬ್ಯಾಡ್ರಿ. ನಾ ಮಾಡಿಸಿ ಕೆಟ್ಟೆ. ಕಿಡಕಿ ಬೆಳಕಿಗೆ ಹೊಳದು ಕ್ಯಾಮೆರಾಕ್ಕ ಕಾಣವಲ್ಲದು. ಇನ್ನೊಂದು, ಹುಡುಗ್ರ ಬಳ್ಳು ಕರೇ ಭಾಗದ ಮ್ಯಾಲ ಬಂದ್ರೂ ಓದೂದಿಲ್ಲ. ಅಂಚು ಹಿಡಿಯೂದನ್ನ ಮೊದಲ ಕಲಸ್ರಿ.

ಒಬ್ಬ ತಾಯಿ (ದಾವಣಗೆರೆ)

ನಾನು ಟೀಚರ್ ಅಲ್ಲ, ಎಂಟನೇ ತರಗತಿ ಹುಡುಗನ ತಾಯಿ. ನೀವೆಲ್ಲ ಮಾತಾಡ್ತಿರೋದು ನೋಡಿ ಒಂದು ವಿಷಯ ಹೇಳಲೇಬೇಕು ಅನಿಸ್ತು. ಶಾಲೆಯ ವಾಟ್ಸಾಪ್ ಗುಂಪಿಗೆ ರಾತ್ರಿ ಎಂಟೂವರೆಗೆ ವರ್ಕ್‌ಶೀಟ್ ಬರುತ್ತೆ. ನಮ್ಮ ಮನೆಯಲ್ಲಿ ನೆಟ್ ಇರೋ ಮೊಬೈಲು ಒಂದೇ, ಅದು ನಮ್ಮ ಯಜಮಾನರ ಹತ್ತಿರ ಇರುತ್ತೆ. ಅವರು ಬರೋದು ಹತ್ತು ಗಂಟೆಗೆ. ಮಗ ನಿದ್ದೆಗಣ್ಣಲ್ಲಿ ಕೂತು ಆ ಚಿಕ್ಕ ಪರದೆ ನೋಡಿಕೊಂಡು ನೋಟ್‌ಬುಕ್ಕಿಗೆ ಇಳಿಸ್ತಾನೆ. ಉತ್ತರ ಬರೀತಿಲ್ಲ, ಪ್ರಶ್ನೆ ಇಳಿಸೋದರಲ್ಲೇ ಹನ್ನೊಂದಾಗುತ್ತೆ. 2020ರಲ್ಲಿ ಶಾಲೆ ಮುಚ್ಚಿತ್ತು, ಆಗ ಬೇರೆ ದಾರಿ ಇರಲಿಲ್ಲ. ಚಂದನದಲ್ಲಿ ಪಾಠ ಬರ್ತಿತ್ತು, ವಿದ್ಯಾಗಮ ಅಂತ ಮೇಷ್ಟ್ರುಗಳೇ ಊರಿನ ಜಗಲಿಗೆ ಬಂದು ಪಾಠ ಮಾಡಿದರು, ಅವರನ್ನ ನಾವು ಮರೆಯೋದಿಲ್ಲ. ಈಗ ಶಾಲೆ ತೆರೆದಿದೆಯಲ್ಲ. ಬೋರ್ಡ್ ಮೇಲೆ ಬರೆದುಕೊಟ್ಟರೆ ಆಗದಾ?

ವಿಜ್ಞಾನ ಮಿಸ್

ಅಕ್ಕಾ, ನೀವು ಬರೆದದ್ದನ್ನ ಎರಡು ಸಲ ಓದಿದೆ. ನಾನೂ ಗುಂಪಿಗೆ ಹಾಗೆ ಕಳಿಸಿದ್ದೀನಿ, ರಾತ್ರಿ ಹೊತ್ತಲ್ಲೇ. ಕಳಿಸಿದರೆ ನನ್ನ ಕೆಲಸ ಮುಗೀತು ಅಂದುಕೊಂಡಿದ್ದೆ. ಮನೆಗೆ ಕಳಿಸೋದು ಏನಿದ್ದರೂ ಇನ್ನು ಮುಂದೆ ಶಾಲೆ ಬಿಡೋ ಮೊದಲು ಬೋರ್ಡಿನಲ್ಲೇ. ನಿಮ್ಮ ಹುಡುಗನ ಟೀಚರ್ ಹತ್ತಿರವೂ ದಯವಿಟ್ಟು ಹೇಳಿ, ಹೇಳದಿದ್ದರೆ ನಮಗೆ ತಿಳಿಯೋದೇ ಇಲ್ಲ.

ಗದಗದ ಸರ್, ಕಾರ್ಡ್ ಪ್ರಿಂಟ್‌ಗೆ ಕೊಟ್ಟಿದ್ದೀನಿ. ಒಂದು ತೊಡಕು. ನನ್ನ ಹಳೇ ಪ್ರಶ್ನೆಪತ್ರಿಕೆಗಳಿಂದ ಪ್ರಶ್ನೆ ಕಾಪಿ ಮಾಡಿ ಹಾಕಿದರೆ ಕನ್ನಡದ ಬದಲು ಏನೇನೋ ಕಾಣ್ತಿದೆ, ಇಂಗ್ಲಿಷ್ ಅಕ್ಷರಕ್ಕೆ ಚುಕ್ಕಿ, ಟೋಪಿ ಇಟ್ಟ ಹಾಗೆ. ನಿಮಗೂ ಹೀಗೆ ಆಯ್ತಾ?

ಗಣಕ ಗೆಳೆಯ (ಬೆಂಗಳೂರು)

ಮೇಡಂ, ಅದು ಫಾಂಟಿನ ಸಮಸ್ಯೆ. ನಮ್ಮ ಡಿಟಿಪಿ ಅಂಗಡಿಗಳಲ್ಲಿ, ಕಚೇರಿಗಳಲ್ಲಿ ವರ್ಷಗಟ್ಟಲೆ ಟೈಪ್ ಮಾಡಿದ್ದು ಯೂನಿಕೋಡ್‌ನಲ್ಲಿ ಅಲ್ಲ, ಅಂದರೆ ಎಲ್ಲ ಕಂಪ್ಯೂಟರಿಗೂ ಕನ್ನಡ ಅಂತಲೇ ಗೊತ್ತಾಗೋ ಸಂಕೇತದಲ್ಲಿ ಅಲ್ಲ. ಒಳಗೆ ಇರೋದು ಲ್ಯಾಟಿನ್ ಅಕ್ಷರಗಳ ಸಂಕೇತ, ಫಾಂಟು ಅದರ ಮೇಲೆ ಕನ್ನಡದ ರೂಪ ಹೊದಿಸಿರುತ್ತೆ, ಅಷ್ಟೇ. ಫಾಂಟ್ ಇಲ್ಲದ ಕಡೆ ಅಂಟಿಸಿದ ಕೂಡಲೇ ಹೊದಿಕೆ ಹೋಗುತ್ತೆ. ಈ ಹಳೇ ಸಂಕೇತದಿಂದ (ಆಸ್ಕಿ ಅಂತಾರೆ) ಯೂನಿಕೋಡಿಗೆ ಬದಲಿಸೋ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ, ಅದರಲ್ಲಿ ಹಾಕಿ ತೆಗೆಯಿರಿ. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಒಮ್ಮೆ ಕಣ್ಣಾಡಿಸಿ, ಅಲ್ಲಿ ತಪ್ಪು ಉಳಿಯುತ್ತೆ. ಹೊಸದಾಗಿ ಬರೆಯೋದಾದರೆ ಮೊಬೈಲಿನ ಕನ್ನಡ ಕೀಲಿಮಣೆಯಲ್ಲಿ ಮೈಕ್ ಒತ್ತಿ ಮಾತಾಡಿ, ಬಹುಪಾಲು ಸರಿಯಾಗಿ ಬರುತ್ತೆ.

ಇನ್ನೊಂದು ಮಾತು, ಇದು ಮುಖ್ಯ. ಯಾವ ಆಪ್ ಆದರೂ ಸರಿ, ಮಕ್ಕಳ ಪೂರ್ತಿ ಹೆಸರು, ಹುಟ್ಟಿದ ದಿನ, ಫೋಟೊ ಹಾಕಬೇಡಿ. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರನ್ನೆಲ್ಲ ಮಕ್ಕಳು ಅಂತಲೇ ಪರಿಗಣಿಸುತ್ತೆ. ಕಾಯ್ದೆ ಹಾಗಿರಲಿ, ಯಾವ ಮಗು ಯಾವ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟಿತು ಅನ್ನೋ ಲೆಕ್ಕ ಎಲ್ಲೋ ಒಂದು ಸರ್ವರಿನಲ್ಲಿ ಆ ಮಗುವಿನ ಹೆಸರಲ್ಲಿ ಯಾಕೆ ಉಳೀಬೇಕು? ಕಾರ್ಡ್ ಸಂಖ್ಯೆಯನ್ನೇ ಹೆಸರಿನ ಜಾಗದಲ್ಲಿ ಹಾಕಿ. ಯಾವ ಸಂಖ್ಯೆ ಯಾರದು ಅನ್ನೋದು ನಿಮ್ಮ ಹಾಜರಿ ಪುಸ್ತಕದಲ್ಲಿದ್ದರೆ ಸಾಕು.

ಚಂದ್ರಗಿರಿ ತೀರ (ಕಾಸರಗೋಡು)

ಟೀಚರ್, ನಾನು ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುವವ. ನಮಗೆ ಕೇರಳ ಸರ್ಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆ ಕೈಟ್‌ನವರು ಶಾಲೆಗಳಿಗೆ ಕೊಡುವ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಇರುತ್ತದೆ. ಗಣಿತಕ್ಕೆ ಜಿಯೋಜೀಬ್ರಾ, ಪರದೆಯ ಮೇಲೆ ವಿಜ್ಞಾನ ಪ್ರಯೋಗ ಮಾಡುವ ಫೆಟ್, ಆಕಾಶ ತೋರಿಸುವ ಸ್ಟೆಲೇರಿಯಂ ಎಲ್ಲ ಅದರಲ್ಲೇ ಮೊದಲೇ ಹಾಕಿರುತ್ತಾರೆ. ಹೈಟೆಕ್ ಯೋಜನೆಯಲ್ಲಿ ಎಂಟರಿಂದ ಹನ್ನೆರಡನೇ ತರಗತಿವರೆಗೆ 45,000 ತರಗತಿ ಕೋಣೆಗಳಿಗೆ ಪ್ರೊಜೆಕ್ಟರ್ ಬಂತು. ಸೌಕರ್ಯದ ವಿಷಯದಲ್ಲಿ ನಾವು ದೂರುವ ಹಾಗಿಲ್ಲ. ನಮ್ಮ ಕೊರತೆ ಭಾಷೆಯದ್ದು. ಮಲಯಾಳದಲ್ಲಿ ಹತ್ತು ಸಿಗುವಲ್ಲಿ ಕನ್ನಡದಲ್ಲಿ ಎರಡು ಸಿಗುತ್ತದೆ. ಹಾಗಾಗಿ ಮಾತೇ ಬೇಡದ ಸಾಧನಗಳ ಕಡೆ ನಾನು ಹೆಚ್ಚು ವಾಲಿದ್ದು.

ಫೆಟ್ ಅಂಥದ್ದು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಕಾರ್ಲ್ ವೀಮನ್ ಶುರುಮಾಡಿದ್ದು. ಅದರ ಹಿಂದಿನ ವರ್ಷವಷ್ಟೇ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂದಿತ್ತು. ನಿಮ್ಮ ಹತ್ತನೆಯವರಿಗೆ ಅದರಲ್ಲಿರುವ ಮಂಡಲ ಕಟ್ಟುವ ಕಿಟ್ ತೋರಿಸಿ. ತಂತಿ, ಬಲ್ಬು, ಬ್ಯಾಟರಿ ಎಳೆದು ಜೋಡಿಸಿದರೆ ಎಲೆಕ್ಟ್ರಾನ್‌ಗಳು ತಂತಿಯೊಳಗೆ ಹರಿಯುವುದು ಕಾಣುತ್ತದೆ, ಅಮ್ಮೀಟರನ್ನು ಎಲ್ಲಿ ಬೇಕಾದರೂ ಇಟ್ಟು ನೋಡಬಹುದು. ನಾನು ಫೈಲ್ ಇಳಿಸಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡಿದ್ದೇನೆ, ನೆಟ್ ಇಲ್ಲದೆಯೇ ಬ್ರೌಸರಿನಲ್ಲಿ ತೆರೆಯುತ್ತದೆ. ಕೆಲವಕ್ಕೆ ಕನ್ನಡ ಅನುವಾದವೂ ಇದೆ.

ಒಂದು ಮಾತ್ರ ನೆನಪಿಡಿ, ಮೊದಲೇ ಓಡಿಸಿ ತೋರಿಸಬೇಡಿ. "ಈಗ ಏನಾಗುತ್ತದೆ, ಹೇಳಿ" ಅಂತ ಕೇಳಿ, ಎಲ್ಲರೂ ಒಂದು ಉತ್ತರಕ್ಕೆ ಕಟ್ಟುಬಿದ್ದ ಮೇಲೆ ಓಡಿಸಿ. ಇಲ್ಲದಿದ್ದರೆ ಅದೂ ನೀವು ಹಾಕಿದ ವಿಡಿಯೊದ ಹಾಗೇ ಆಗುತ್ತದೆ.

ನಿವೃತ್ತ ಮೇಷ್ಟ್ರು (ಮೈಸೂರು)

ನಾನು 33 ವರ್ಷ ಸೀಮೆಸುಣ್ಣ ಹಿಡಿದವನು. ಹೊಸದನ್ನು ತಳ್ಳಿಹಾಕಲು ಬರೆಯುತ್ತಿಲ್ಲ. ಆದರೆ ತಾಯಂದಿರೊಬ್ಬರು ಬರೆದ ಮಾತು ಯಾರ ಮನಸ್ಸಿಗಾದರೂ ನಾಟಬೇಕು.

ಆ ಕಾರ್ಡಿನ ಉಪಾಯದ ಹಿಂದೆ ಇರುವ ವಿಚಾರ ಹಳೆಯದು. ಹಾರ್ವರ್ಡ್‌ನಲ್ಲಿ ಎರಿಕ್ ಮಜೂರ್ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರು 1991ರಿಂದ ತಮ್ಮ ತರಗತಿಯಲ್ಲಿ ಒಂದು ಕ್ರಮ ತಂದರು. ಪಾಠದ ನಡುವೆ ಒಂದು ಪ್ರಶ್ನೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನಷ್ಟಕ್ಕೆ ಯೋಚಿಸಿ ಉತ್ತರ ಆರಿಸಬೇಕು. ಬಳಿಕ ಪಕ್ಕದವನ ಜೊತೆ ವಾದ ಮಾಡಬೇಕು, ಮತ್ತೆ ಉತ್ತರ ಆರಿಸಬೇಕು. ಅದಕ್ಕೆ ವಿದ್ಯುನ್ಮಾನ ಗುಂಡಿಗಳು ಬಂದದ್ದು ಆಮೇಲೆ. 2008ರಲ್ಲಿ ಕೆನಡಾದ ನಥಾನಿಯಲ್ ಲಾಸ್ರಿ ಎಂಬ ಅಧ್ಯಾಪಕರು ಗುಂಡಿ ಒತ್ತಿದ ತರಗತಿಯನ್ನೂ ಬರೀ ರಟ್ಟಿನ ಕಾರ್ಡು ಎತ್ತಿದ ತರಗತಿಯನ್ನೂ ಹೋಲಿಸಿದರು. ಕಲಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಲಿಸಿದ್ದು ಪ್ರಶ್ನೆ ಮತ್ತು ವಾದ, ಗುಂಡಿಯಲ್ಲ. ಆದ್ದರಿಂದ ಮೇಡಂ, ನೆಟ್ ಇಲ್ಲದ ದಿನ, ಕರೆಂಟಿಲ್ಲದ ದಿನ ಕೈಕಟ್ಟಿ ಕೂರಬೇಡಿ. ನಾಲ್ಕು ಬಣ್ಣದ ಕಾಗದ ಸಾಕು.

ಗದಗ ಗಣಿತ

ಮೇಷ್ಟ್ರ, ನಿಮ್ಮ ಮಾತು ಖರೇ. ಆದ್ರ ಕಾಲೇಜಿನ ಹುಡುಗ್ರು ಬ್ಯಾರೆ, ನಮ್ಮ ಎಂಟನೇತ್ತೆ ಹುಡುಗ್ರು ಬ್ಯಾರೆ. ಬಣ್ಣದ ಕಾಗದ ನಾನೂ ಮಾಡಿ ನೋಡೀನ್ರಿ. ಮೊದಲನೇ ಬೆಂಚಿನಾಂವ ಕೆಂಪು ಎತ್ತಿದ ಕೂಡ್ಲೆ ಹಿಂದಿನ ನಾಕು ಸಾಲು ಕೆಂಪು. ಗುಟ್ಟು ಉಳಿಯೂದು ನಮ್ಮ ಹುಡುಗರಿಗೆ ಬಾಳ ದೊಡ್ಡದು.

ವಿಜ್ಞಾನ ಮಿಸ್ (ಒಂಬತ್ತು ದಿನದ ನಂತರ)

ಮಾಡಿದೆ! ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ವಿದ್ಯುಚ್ಛಕ್ತಿ ಪಾಠ. ಸರಣಿ ಜೋಡಣೆ, ಸಮಾಂತರ ಜೋಡಣೆ ಎರಡೂ ಮುಗಿದಿತ್ತು. ಸರಣಿಯಲ್ಲಿ ರೋಧಗಳನ್ನ ಕೂಡಿಸಿ ಓಮ್‌ನ ನಿಯಮದ ಲೆಕ್ಕ ಮಾಡೋದು ಬಹಳ ಮಕ್ಕಳಿಗೆ ಬರುತ್ತೆ. ಹಾಗಾಗಿ ಈ ಪ್ರಶ್ನೆ ತೀರಾ ಸುಲಭ ಅಂದುಕೊಂಡೇ ಹಾಕಿದೆ: ಒಂದೇ ಥರದ ಎರಡು ಬಲ್ಬು ಸರಣಿಯಲ್ಲಿವೆ. ಮೊದಲನೇ ಬಲ್ಬ್ ದಾಟಿದ ಮೇಲೆ ವಿದ್ಯುತ್ ಪ್ರವಾಹ ಏನಾಗುತ್ತೆ? ಎ, ಕಡಿಮೆಯಾಗುತ್ತೆ. ಬಿ, ಅಷ್ಟೇ ಇರುತ್ತೆ. ಸಿ, ಹೆಚ್ಚಾಗುತ್ತೆ. ಡಿ, ಪೂರ್ತಿ ನಿಂತುಹೋಗುತ್ತೆ.

ಮೊಬೈಲ್ ಆಡಿಸಿದೆ. ಅವತ್ತು ಬಂದಿದ್ದು 34 ಮಕ್ಕಳು. ಅದರಲ್ಲಿ 23 ಜನ ಎ. ಬಲ್ಬು ಕರೆಂಟನ್ನ "ತಿಂದುಬಿಡುತ್ತೆ" ಅನ್ನೋದು ಅವರ ನಂಬಿಕೆ. ನಮ್ಮ ತರಗತಿಯ ಮೊದಲನೇ ರ‍್ಯಾಂಕಿನ ಹುಡುಗನದ್ದೂ ಎ. ಅಂದರೆ ಲೆಕ್ಕದಲ್ಲಿ ಎಲ್ಲಾ ಕಡೆ ಒಂದೇ ಪ್ರವಾಹ ಇಟ್ಟು ಸರಿಯುತ್ತರ ತೆಗೆಯೋ ಮಗುವೇ, ಮನಸ್ಸಿನೊಳಗೆ ಬೇರೆಯದನ್ನೇ ನಂಬಿದೆ. ಹನ್ನೊಂದು ವರ್ಷದಿಂದ ನಾನು ಈ ಪಾಠ ಮಾಡ್ತಿದ್ದೀನಿ. ಹನ್ನೊಂದು ಬ್ಯಾಚು. ಎಷ್ಟು ಮಕ್ಕಳು ಹೀಗೇ ನಂಬಿಕೊಂಡು ಪರೀಕ್ಷೆ ಪಾಸಾಗಿ ಹೋಗಿರಬಹುದು ಅಂತ ಯೋಚನೆ ಬಂದು ಒಂದು ನಿಮಿಷ ಹಾಗೇ ನಿಂತುಬಿಟ್ಟೆ.

ಸರಿಯುತ್ತರ ಹೇಳಲಿಲ್ಲ. ಮೈಸೂರಿನ ಮೇಷ್ಟ್ರು ಬರೆದ ಹಾಗೆ ಪಕ್ಕದವರ ಜೊತೆ ಮಾತಾಡಿ ಅಂದೆ. ನಾನು ಡೆಸ್ಕುಗಳ ನಡುವೆ ಓಡಾಡ್ತಾ ಕಿವಿ ಕೊಟ್ಟೆ. ಬಿ ಹಿಡಿದವರಲ್ಲಿ ಒಬ್ಬಳು, ಈ ವರ್ಷ ತಾನಾಗಿ ಒಂದು ಸಲವೂ ಬಾಯಿ ಬಿಡದವಳು. ಪಕ್ಕದವಳಿಗೆ ಅವಳು ಹೇಳ್ತಿದ್ದದ್ದು ಇಷ್ಟೇ: "ದಾರಿ ಒಂದೇ ಐತಲ್ಲೇ, ಬೇರೆ ಎಲ್ಲಿಗೆ ಹೋಗ್ತದೆ?" ಆ ಪಕ್ಕದವಳು ಒಪ್ಪಲಿಲ್ಲ, ಜಗಳವೇ ಆಯ್ತು. ಎರಡನೇ ಸಲ ಕಾರ್ಡ್ ಎತ್ತಿಸಿದಾಗ ಎ ಹಿಡಿದವರು 11ಕ್ಕೆ ಇಳಿದಿದ್ದರು.

ಆಮೇಲೆ ಕಾಸರಗೋಡಿನ ಸರ್ ಹೇಳಿದ ಫೆಟ್ ತೆರೆದು ಅದೇ ಮಂಡಲ ಕಟ್ಟಿದೆ. ಮೊದಲ ಬಲ್ಬಿನ ಹಿಂದೆ ಒಂದು ಅಮ್ಮೀಟರ್, ಮುಂದೆ ಒಂದು. ಸ್ವಿಚ್ ಒತ್ತೋ ಮೊದಲು ತರಗತಿಯಲ್ಲಿದ್ದ ನಿಶ್ಶಬ್ದ, ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯೋವಾಗಿನ ಭಯದ ನಿಶ್ಶಬ್ದ ಆಗಿರಲಿಲ್ಲ. ಎರಡರಲ್ಲೂ ಒಂದೇ ಅಂಕಿ ಬಂದಾಗ ಹಿಂದಿನ ಬೆಂಚಿಂದ "ಥೂ!" ಅಂತ ಒಂದು ದನಿ. ನಾನು ಬೈಯಲಿಲ್ಲ.

ಹಾಗಾದರೆ ಬಲ್ಬು ತಗೊಳ್ಳೋದು ಏನನ್ನ ಅಂತ ಒಬ್ಬ ಕೇಳಿದ. ಪ್ರವಾಹ ಬೇರೆ, ಶಕ್ತಿ ಬೇರೆ ಅನ್ನೋದಕ್ಕೆ ಅಲ್ಲಿಂದ ದಾರಿ ಆಯ್ತು. ಇಡೀ ಪೀರಿಯಡ್ ಅದೊಂದೇ ಪ್ರಶ್ನೆಗೆ ಹೋಯ್ತು. ಪಾಠಯೋಜನೆಯಲ್ಲಿ ಬರೆದಿದ್ದ ಉಳಿದ ನಾಲ್ಕು ಪ್ರಶ್ನೆ ಮುಟ್ಟಲೇ ಇಲ್ಲ.

ಚಂದ್ರಗಿರಿ ತೀರ

ಓದಿ ತುಂಬ ಸಂತೋಷವಾಯಿತು ಟೀಚರ್. "ತಿಂದುಬಿಡುತ್ತದೆ" ಎಂಬುದು ನನ್ನ ಮಕ್ಕಳ ಬಾಯಲ್ಲೂ ಬರುವ ಮಾತೇ. ಇದೇ ಪ್ರಶ್ನೆಯನ್ನು ಹದಿನೈದು ದಿನ ಬಿಟ್ಟು, ಬಲ್ಬಿನ ಬದಲು ರೋಧಕ ಹಾಕಿ ಮತ್ತೊಮ್ಮೆ ಕೇಳಿ. ಕೆಲವರು ಹಳೆಯ ನಂಬಿಕೆಗೆ ವಾಪಸು ಹೋಗಿರುತ್ತಾರೆ.

ನಿವೃತ್ತ ಮೇಷ್ಟ್ರು

ಮೇಡಂ, ನನ್ನ ಮನಸ್ಸು ತುಂಬಿತು. ಒಂದೇ ಒಂದು ಕೇಳಿಕೆ. ಪರದೆಯ ಮೇಲಿನ ಅಮ್ಮೀಟರ್ ಯಾರೋ ಬರೆದ ಪ್ರೋಗ್ರಾಮು. ಅದು ಒಂದೇ ಅಂಕಿ ತೋರಿಸುವುದು ಹಾಗೆ ಬರೆದಿರುವುದರಿಂದ. ನಿಜವಾದ ಬಲ್ಬು, ನಿಜವಾದ ಸೆಲ್ಲು ಮಕ್ಕಳ ಕೈಗೆ ಬಂದಿತೇ?

ವಿಜ್ಞಾನ ಮಿಸ್

ಮೇಷ್ಟ್ರೇ, ಮಾರನೇ ದಿನವೇ. ಲ್ಯಾಬಿನ ಅಮ್ಮೀಟರುಗಳಲ್ಲಿ ಒಂದರ ಮುಳ್ಳು ಅಲ್ಲಾಡಲಿಲ್ಲ, ಇನ್ನೊಂದು ಕೆಲಸ ಮಾಡ್ತು. ಅದನ್ನೇ ಮೊದಲು ಬಲ್ಬಿನ ಹಿಂದೆ, ಆಮೇಲೆ ಮುಂದೆ ಜೋಡಿಸಿದೆವು. ಮುಳ್ಳು ಎರಡು ಸಲವೂ ಒಂದೇ ಗೆರೆಯ ಹತ್ತಿರ ನಿಂತಿತು. ಪರದೆಯಲ್ಲಿ ನಂಬದವರು ಇಬ್ಬರು ಇಲ್ಲಿ ನಂಬಿದರು. ಆದರೆ ಟಾರ್ಚ್ ಬಲ್ಬ್ ಎರಡೂ ಒಂದೇ ಥರ ಉರಿಯಲಿಲ್ಲ, ಒಂದು ಮಂಕು. ತಕ್ಷಣ "ನೋಡಿ ಮಿಸ್, ಕಡಿಮೆ ಆಯ್ತು!" ಅಂದರು. ಬಲ್ಬುಗಳನ್ನ ಅದಲುಬದಲು ಮಾಡಿಸಿದೆ. ಮಂಕು ಬಲ್ಬು ಮೊದಲು ಬಂದರೂ ಮಂಕಾಗೇ ಉರೀತು. ಬಲ್ಬಿನದ್ದೇ ವ್ಯತ್ಯಾಸ ಅಂತ ಅವರೇ ಹೇಳಿದರು. ಪರದೆಯ ಮೇಲಿನ ಬಲ್ಬುಗಳು ಈ ತೊಂದರೆಯನ್ನೇ ಕೊಟ್ಟಿರಲಿಲ್ಲ, ಆದ್ದರಿಂದ ನಿಮ್ಮ ಮಾತು ನೂರಕ್ಕೆ ನೂರು ಸರಿ, ಎರಡೂ ಬೇಕು.

ಗದಗ ಗಣಿತ

ಅಕ್ಕೋರ, ಬಾಳ ಚೊಲೋ ಆತು. ಗಣಿತದವರು ಯಾರರ ಇದನ್ನ ಓದಾಕತ್ತಿದ್ರ, ಜಿಯೋಜೀಬ್ರಾದಾಗೂ ಹಿಂಗ ಮಾಡ್ರಿ. ಅರ್ಧವೃತ್ತದ ಮ್ಯಾಲ ಒಂದು ಬಿಂದು ಇಟ್ಟು, ವ್ಯಾಸದ ಎರಡೂ ತುದಿಗೆ ಗೆರಿ ಎಳದು, "ಈ ಬಿಂದು ಸರಸಿದ್ರ ಕೋನ ಏನಾಗತೈತಿ?" ಅಂತ ಕಾರ್ಡ್ ಎತ್ತಸ್ರಿ. ನಮ್ಮಲ್ಲೆ ಅರ್ಧಕ್ಕ ಹೆಚ್ಚು ಹುಡುಗ್ರು ಬದಲಾಗತೈತಿ ಅಂದ್ರು. ಬಿಂದು ಎಲ್ಲಿ ಒಯ್ದರೂ 90ರಾಗ ನಿಂತಾಗ ಅವರ ಮಾರಿ ನೋಡ್ಬೇಕಿತ್ತು. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣದಾಗ ನಮ್ಮ ಶಿಕ್ಷಕರೇ ಮಾಡಿದ ಪಾಠಗಳು ಕನ್ನಡದಾಗ ಅದಾವ, ಅಲ್ಲಿಂದ ತಗೋಬಹುದು.

ನಲಿಕಲಿ ಅಕ್ಕ

ಮೇಡಂ, ಆ ಪ್ರಶ್ನೆಗಳನ್ನ ಯೂನಿಕೋಡಿನಲ್ಲಿ ಇಲ್ಲೇ ಹಾಕ್ತೀರಾ? ನಮ್ಮ ಪಕ್ಕದ ಹೈಸ್ಕೂಲಿನ ಮೇಷ್ಟ್ರು ಕೇಳ್ತಿದ್ದಾರೆ.

ವಿಜ್ಞಾನ ಮಿಸ್

ಭಾನುವಾರ ಹಾಕ್ತೀನಿ. ವಿದ್ಯುಚ್ಛಕ್ತಿಯ ಎಂಟು ಪ್ರಶ್ನೆ ಸಿದ್ಧ ಇವೆ. ಬೆಳಕಿನ ಪಾಠಕ್ಕೆ ಒಂದೇ ಒಂದು ಆಗಿದೆ: ಮಸೂರದ ಅರ್ಧ ಭಾಗಕ್ಕೆ ಕಪ್ಪು ಕಾಗದ ಮುಚ್ಚಿದರೆ ಪರದೆ ಮೇಲೆ ಅರ್ಧ ಬಿಂಬ ಮೂಡುತ್ತಾ, ಪೂರ್ತಿ ಮೂಡುತ್ತಾ? ತಪ್ಪು ಉತ್ತರಗಳು ಮಕ್ಕಳು ನಿಜಕ್ಕೂ ನಂಬಿರೋ ಥರದವೇ ಆಗಿರಬೇಕು, ಸುಮ್ಮನೆ ತುಂಬಿಸಿದ ಆಯ್ಕೆ ಬೇಡ. ನಿಮ್ಮ ಮಕ್ಕಳು ಬೆಳಕಿನ ಪಾಠದಲ್ಲಿ ಹೇಳಿದ ತಪ್ಪು ಉತ್ತರಗಳು ನೆನಪಿದ್ದರೆ ಅವರ ಮಾತಿನಲ್ಲೇ ಇಲ್ಲಿ ಬರೆದುಕೊಡಿ, ನಾನು ಪ್ರಶ್ನೆ ಮಾಡಿ ಹಾಕ್ತೀನಿ.